ಪೊಟ್ಟಣದ ಸೀಗಡಿ

ಏಳಕ್ಕೆ ಸೇತುವೆಯ ಪಾಳಿ. ಈಗ ಆರು ಇಪ್ಪತ್ತು.
ನಿನ್ನೆಯ ಅನ್ನ ಫ್ರಿಜ್ಜಿನಲ್ಲಿ ತಣ್ಣಗೆ ಕೂತಿದೆ,
ಅಗುಳಿಗೆ ಅಗುಳು ಮಾತು ಬಿಟ್ಟ ಹಾಗೆ.
ಒಳ್ಳೆಯದೇ. ಹುರಿಯಲು ಹಾಗೇ ಇರಬೇಕು.

ಈರುಳ್ಳಿ, ಸೆಲೆರಿ, ದಪ್ಪ ಮೆಣಸಿನಕಾಯಿ —
ಬೈಯೂ ಎಂದು ನಾವು ಕರೆಯುವ ಈ ಸೋಮಾರಿ ಹೊಳೆಯ ದಂಡೆಯಲ್ಲಿ
ಮೂರೂ ಇಲ್ಲದೆ ಒಲೆ ಹಚ್ಚಿದರೆ
ಸತ್ತ ಅತ್ತೆ ಎದ್ದು ಬಂದು ಸೌಟು ಕಸಿಯುತ್ತಾಳೆ.
ಬೆಣ್ಣೆ ಕರಗಿತು. ಕಿಟಕಿ ಮುಚ್ಚಿದೆ.
ಸೊಳ್ಳೆಗೆಂದು ತಿಳಿಯಲಿ ಊರು.

ಅಂಗಳದಲ್ಲಿ ಓವೀಡ್
ಎಂಜಿನ್ನಿನ ಕರುಳು ಹರವಿಕೊಂಡು ಕೂತಿದ್ದಾನೆ.
ಅವನಮ್ಮನ ಹೆಸರಿನ ದೋಣಿ, ‘ಮಿಸ್ ಯೂಲಾ’,
ಗೂಟಕ್ಕೆ ಬಿಗಿದು ಮೂರು ವಾರ.
ಮೂರು ವಾರದಿಂದ ಬೀನ್ಸು, ಮೊಟ್ಟೆ, ಬೀನ್ಸು.
ಕೇಳಿದರೆ ಬಕೆಟ್ಟು ತುಂಬಿ ಕೊಟ್ಟಾರು ನೆರೆಯವರು,
ಕೇಳುವ ಬಾಯಿ ಅವನದಲ್ಲ.
ದೋಣಿ ರಿಪೇರಿಯಾದರೂ ಏನು,
ಪೌಂಡಿಗೆ ಎಂಬತ್ತು ಸೆಂಟು ಎನ್ನುತ್ತಾನೆ ದಲಾಲ,
ತಲೆ ಎತ್ತದೆ.

ನಮ್ಮ ಟ್ರಕ್ಕಿನ ಬೆನ್ನಿಗೆ ಓವೀಡ್ ಅಂಟಿಸಿದ ಚೀಟಿಯಿದೆ:
‘ಹೊರಗಿನ ಸೀಗಡಿ ತಿಂದರೆ ನಮ್ಮನ್ನೇ ತಿಂದ ಹಾಗೆ.’
ಅದೇ ಟ್ರಕ್ಕು ಹತ್ತಿ, ಇಪ್ಪತ್ತು ಮೈಲಿ ಆಚೆ
ಯಾರೂ ನನ್ನ ಗುರುತು ಹಿಡಿಯದ ಅಂಗಡಿಯಲ್ಲಿ,
ಚೀಟಿಯಿರುವ ಬೆನ್ನನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿ,
ಕೊಂಡೆ.

ತಲೆಯಿಲ್ಲ, ಮೀಸೆಯಿಲ್ಲ. ಎಲ್ಲವೂ ಒಂದೇ ಅಳತೆ.
ಕೊಳಾಯಿ ನೀರಿನ ಕೆಳಗೆ ಟಣಟಣ ಎನ್ನುತ್ತವೆ
ಬೆಣಚುಕಲ್ಲಿನಂತೆ.
ಪೊಟ್ಟಣದ ಮೂಲೆಯಲ್ಲಿ ಸಣ್ಣಕ್ಷರ: ಭಾರತ.
ಎಷ್ಟು ದೂರವೋ, ನಕ್ಷೆ ತೆಗೆದು ನೋಡಿಲ್ಲ.
ಅಲ್ಲೂ ಯಾರೋ ಒಬ್ಬಳು ಗಡಿಯಾರ ನೋಡಿಕೊಂಡು
ಸಿಪ್ಪೆ ಬಿಡಿಸಿರಬೇಕು, ಬೆರಳು ಮರಗಟ್ಟಿ.
ಅವಳ ರಾತ್ರಿಯೂಟಕ್ಕೆ ಏನಿತ್ತೋ.

ಬೆಳ್ಳುಳ್ಳಿ. ಕೆಂಪು ಖಾರ, ಬೇಕಾದ್ದಕ್ಕಿಂತ ಒಂದು ಚಮಚ ಹೆಚ್ಚು.
ಕಳ್ಳತನಕ್ಕೆ ಮಸಾಲೆ ಜಾಸ್ತಿ.
ಬೂದು ಬಣ್ಣ ಹೋಗಿ ನಸುಗೆಂಪು ಬರುವಷ್ಟು ಹೊತ್ತು,
ಸುರುಳಿ ಬಿಗಿಯಾಗುವ ಮೊದಲೇ ಅನ್ನ ಸುರಿದು
ಮೇಲೆ ಕೆಳಗೆ ಮಾಡಿದೆ. ಈರುಳ್ಳಿ ಹೂವು ಉದುರಿಸಿದೆ.
ಪೊಟ್ಟಣ ಮಡಚಿ, ಮತ್ತೆ ಮಡಚಿ
ಕಸದ ಬುಟ್ಟಿಯ ಕಾಫಿಚರಟದ ಅಡಿಗೆ ತುರುಕಿದೆ.
ಆರು ನಲವತ್ತು.

ಬಂದ. ಕೈ ತೊಳೆದ. ಗ್ರೀಸು ಹೋಗಲಿಲ್ಲ.
ಮೊದಲ ತುತ್ತಿಗೆ ದವಡೆ ನಿಂತಿತು.
ಹದಿನಾಲ್ಕನೇ ವಯಸ್ಸಿನಿಂದ ಬಲೆ ಎಳೆದವನು,
ಯಾವ ಕೊಲ್ಲಿಯದು, ಯಾವ ತಿಂಗಳದು ಎಂದು
ನಾಲಿಗೆಯಲ್ಲೇ ಹೇಳುವವನು.
‘ಯಾರು ಕೊಟ್ಟರು?’
‘ಲಿರೆಟ್.’
‘ಹ್ಞೂಂ’ ಎಂದ. ‘ಲಿರೆಟ್ ಕೈ ದೊಡ್ಡದು.’
ಮತ್ತೆ ಬಡಿಸಿಕೊಂಡ. ತಳ ಹತ್ತಿದ್ದನ್ನೂ ಕೆರೆದು ತಿಂದ.
ಆಮೇಲೆ ನೀರು. ಒಂದು ಲೋಟ, ಇನ್ನೊಂದು.
ಉಪ್ಪು ತಿಂದವರು ನೀರು ಕುಡಿಯಲೇಬೇಕು,
ಆದರೆ ತಿನಿಸಿದವಳು ನಾನಲ್ಲವೇ?

ಮದುವೆಯಾಗಿ ಇಪ್ಪತ್ತಾರು ವರ್ಷ,
ಒಮ್ಮೆಯೂ ಕಸ ಎತ್ತಿದವನಲ್ಲ.
ನಾನು ಬೂಟು ಹಾಕಿಕೊಳ್ಳುವಾಗ ಬುಟ್ಟಿ ಹೊತ್ತು ಹೊರಟ.
ಬೀದಿಯ ತೊಟ್ಟಿಗಲ್ಲ,
ಹಿತ್ತಲಲ್ಲಿ ಎಲೆ ಸುಡುವ ಡ್ರಮ್ಮಿಗೆ.
ಕಡ್ಡಿ ಗೀರಿದ್ದು ಕೇಳಿಸಿತು.
ಪ್ಲಾಸ್ಟಿಕ್ಕಿನ ವಾಸನೆ ರಸ್ತೆಯವರೆಗೂ ಬಂತು.

ಒಂಬತ್ತೂವರೆಗೆ ಕೆಳಗಡೆಯಿಂದ ಹಾರ್ನು: ಲಿರೆಟ್‌ನ ದೋಣಿ.
ಗೇಟು ಇಳಿಸಿದೆ, ಕಾರುಗಳು ನಿಂತವು,
ಗುಂಡಿ ಒತ್ತಿದೆ, ಸೇತುವೆ ಮೈ ಮುರಿಯುತ್ತ ಎದ್ದಿತು.
ಅವನು ಎಂದಿನಂತೆ ಕೈ ಬೀಸಿದ. ನಾನೂ ಬೀಸಿದೆ,
ಬೆರಳಲ್ಲಿನ್ನೂ ಬೆಳ್ಳುಳ್ಳಿ.
ಅವನ ಹಿಂಬದಿಯ ದೀಪ ತಿರುವು ದಾಟುವ ತನಕ ತಡೆದುಕೊಂಡು
ಫ್ಲಾಸ್ಕಿನ ನೀರನ್ನೆಲ್ಲ
ನಿಂತ ಕಾಲಲ್ಲೇ ಕುಡಿದೆ.